ಪೈಥಾನ್‌ನಲ್ಲಿ 0ಯಿಂದ 9ರವರೆಗೆ ಓಡುವ ಲೂಪ್‌ನಲ್ಲಿ ಮಾಡಿದ ಹತ್ತೂ ಬಟನ್, ಯಾವುದನ್ನು ಒತ್ತಿದರೂ, 9 ಅಂತಲೇ ತೋರಿಸುತ್ತಿವೆ. ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಬಿಟ್ಟು ಡೆಫ್ (ಹೆಸರಿಟ್ಟು ಬರೆಯುವ ಫಂಕ್ಷನ್) ಬಳಸಲೇ?

ಡೆಫ್ ಬರೆದರೂ ಅದೇ 9 ಬರುತ್ತದೆ. ಪಾಪ, ಲ್ಯಾಂಬ್ಡಾದ ತಪ್ಪೇನೂ ಇಲ್ಲ.

ನಾನು ಇದೇ ಹಳ್ಳಕ್ಕೆ ಬಿದ್ದದ್ದು ಒಂದು ಬೇಕರಿಯ ಬಿಲ್ಲಿಂಗ್ ಪರದೆಯಲ್ಲಿ. ಪೈಥಾನ್, ಅದರಲ್ಲಿ ಬಟನ್, ಪರದೆ ಮಾಡಲು ಬಳಸುವ ಟಿಕಿಂಟರ್, 12 ತಿಂಡಿಗೆ 12 ಬಟನ್. ಖಾರಾ ಬನ್ ಒತ್ತಿದರೂ ದಿಲ್‌ಪಸಂದ್, ಪಫ್ಸ್ ಒತ್ತಿದರೂ ದಿಲ್‌ಪಸಂದ್. ಕೊಡುವ ಮುಂಚೆ ಪರೀಕ್ಷೆ ಮಾಡಿರಲಿಲ್ಲವೇ? ಮಾಡಿದ್ದೆ, ಆದರೆ ಕೊನೆಗೆ ಸೇರಿಸಿದ ಬಟನ್ ಒಂದನ್ನೇ ಒತ್ತಿ ನೋಡಿದ್ದೆ. ಆ ಕೊನೆಯ ತಿಂಡಿಯೇ ದಿಲ್‌ಪಸಂದ್! ಈ ದೋಷವಿದ್ದಾಗ ಸರಿಯಾದ ಉತ್ತರ ಕೊಡುವುದು ಆ ಒಂದು ಬಟನ್ ಮಾತ್ರ. ಉಳಿದ 11ರಲ್ಲಿ ಯಾವುದನ್ನು ಮುಟ್ಟಿದ್ದರೂ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಆಗುವುದು ಇಷ್ಟು. ಲ್ಯಾಂಬ್ಡಾ ಹುಟ್ಟುವಾಗ ಲೂಪಿನ ಎಣಿಕೆ ಇಡುವ ವೇರಿಯಬಲ್ 'ಐ'ನ ಬೆಲೆಯನ್ನು ಬರೆದಿಟ್ಟುಕೊಳ್ಳುವುದಿಲ್ಲ, 'ಐ' ಎಂಬ ಹೆಸರನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ. ಬಟನ್ ಒತ್ತಿದ ಮೇಲೆ ಹೋಗಿ ಅದರ ಬೆಲೆ ನೋಡುತ್ತದೆ. ಅಷ್ಟರಲ್ಲಿ ಲೂಪ್ ಮುಗಿದು ಐ 9ಕ್ಕೆ ಬಂದು ನಿಂತಿರುತ್ತದೆ. ಪೈಥಾನ್‌ನಲ್ಲಿ ಲೂಪಿನ ಪ್ರತಿ ಸುತ್ತಿಗೂ ಹೊಸ ಐ ಹುಟ್ಟುವುದಿಲ್ಲ, ಇರುವ ಒಂದರ ಬೆಲೆಯೇ ಬದಲಾಗುತ್ತಾ ಹೋಗುತ್ತದೆ. ಜಾವಾಸ್ಕ್ರಿಪ್ಟ್‌ಗೆ 2015ರಲ್ಲಿ ಬಂದ, ವೇರಿಯಬಲ್ ಘೋಷಿಸುವ 'ಲೆಟ್' ಸುತ್ತಿಗೊಂದು ಹೊಸ ಐ ಕೊಡುತ್ತದೆ. ಹಳೆಯ 'ವಾರ್'ನಲ್ಲಿ ಅಲ್ಲಿಯೂ ಇದೇ ಗೋಳು.

ಪರಿಹಾರ: 'ಲ್ಯಾಂಬ್ಡಾ ಐ=ಐ: ತೋರಿಸು(ಐ)'. ಇಲ್ಲಿ 'ತೋರಿಸು' ಅಂದರೆ ಸಂಖ್ಯೆ ತೋರಿಸುವ ನಿಮ್ಮ ಫಂಕ್ಷನ್. ಐ=ಐ ಅಂತ ಕೊಟ್ಟ ಡೀಫಾಲ್ಟ್ ಬೆಲೆ ಫಂಕ್ಷನ್ ಹುಟ್ಟುವಾಗಲೇ ನಿಗದಿಯಾಗುವುದರಿಂದ ಪ್ರತಿ ಬಟನ್‌ಗೂ ತನ್ನದೇ ಸಂಖ್ಯೆ ಅಂಟಿಕೊಳ್ಳುತ್ತದೆ. ಹಾಗಂತ ಲ್ಯಾಂಬ್ಡಾ ಕಿತ್ತುಹಾಕಿ ಕಮಾಂಡ್‌ಗೆ (ಬಟನ್ ಒತ್ತಿದಾಗ ಓಡಬೇಕಾದ ಫಂಕ್ಷನ್ ಕೊಡುವ ಜಾಗ) ನೇರವಾಗಿ 'ತೋರಿಸು(ಐ)' ಕೊಡಬೇಡಿ. ಬಟನ್ ಮಾಡುವಾಗಲೇ ಅದು ಓಡಿ ಮುಗಿದು, ಆಮೇಲೆ ಒತ್ತಿದರೆ ಏನೂ ಆಗುವುದಿಲ್ಲ.

ಇನ್ನೊಂದು ಹಳ್ಳ ಇದೆ. ಕಮಾಂಡ್ ಬದಲು, ಕ್ಲಿಕ್ಕಿಗೆ ಫಂಕ್ಷನ್ ಜೋಡಿಸುವ 'ಬೈಂಡ್' ಬಳಸಿದರೆ ಟಿಕಿಂಟರ್ ಮೊದಲ ಆರ್ಗ್ಯುಮೆಂಟ್ ಆಗಿ ಇವೆಂಟನ್ನು (ಆ ಕ್ಲಿಕ್ಕಿನ ವಿವರ) ಕಳಿಸುತ್ತದೆ. ಅದು ಸೀದಾ ಹೋಗಿ ನಿಮ್ಮ ಐ ಜಾಗದಲ್ಲಿ ಕೂರುತ್ತದೆ. ಅಲ್ಲಿ 'ಲ್ಯಾಂಬ್ಡಾ ಇವೆಂಟ್, ಐ=ಐ:' ಅಂತಲೇ ಬರೆಯಬೇಕು.

ನನಗೆ ಕೇಳಿದರೆ ಕಮಾಂಡ್‌ಗೆ ಪೈಥಾನ್ ಜೊತೆಗೇ ಬರುವ ಫಂಕ್‌ಟೂಲ್ಸ್‌ನ 'ಪಾರ್ಷಿಯಲ್' ಹೆಚ್ಚು ಚೊಕ್ಕ, ಅದು ಫಂಕ್ಷನ್ನಿಗೆ ಬೆಲೆಯನ್ನು ಮೊದಲೇ ಅಂಟಿಸಿಡುತ್ತದೆ: 'ಪಾರ್ಷಿಯಲ್(ತೋರಿಸು, ಐ)'. ಐ=ಐ ನೋಡಿದವರು ಅದೇನೋ ಕಣ್ತಪ್ಪು ಅಂದುಕೊಂಡು ಅಳಿಸಿಬಿಡುವುದುಂಟು.

ಡೆಫ್ ಬೇಕಾಗುವುದು ಬೇರೆ ಕಾರಣಕ್ಕೆ. ಲ್ಯಾಂಬ್ಡಾದೊಳಗೆ ಹಿಡಿಸುವುದು ಒಂದೇ ಎಕ್ಸ್‌ಪ್ರೆಷನ್ (ಬೆಲೆ ಕೊಡುವ ಒಂದು ಲೆಕ್ಕ ಅಥವಾ ಕರೆ). ಎರರ್ ಬಂದಾಗ ಅದು ಎಲ್ಲಿ ಆಯಿತೆಂದು ಹೇಳುವ ಟ್ರೇಸ್‌ಬ್ಯಾಕ್‌ನಲ್ಲಿ ಎಲ್ಲದಕ್ಕೂ 'ಲ್ಯಾಂಬ್ಡಾ' ಅಂತಲೇ ಕಾಣುವುದರಿಂದ ಯಾವುದು ಕೆಟ್ಟಿತೆಂದು ಸಾಲಿನ ಸಂಖ್ಯೆ ಹಿಡಿದು ಹುಡುಕಬೇಕು. ಲ್ಯಾಂಬ್ಡಾಗೆ ಹೆಸರಿಟ್ಟು ವೇರಿಯಬಲ್‌ನಲ್ಲಿ ಇಡುವುದಂತೂ ಅರ್ಥವಿಲ್ಲದ ಕೆಲಸ. ಪೈಥಾನ್‌ನ ಶೈಲಿ ಕೈಪಿಡಿ 'ಪೆಪ್ 8' ಕೂಡ ಅಲ್ಲಿ ಡೆಫ್ ಬರೆಯಿರಿ ಅನ್ನುತ್ತದೆ.

ಈಗ ಐ=ಐ ಸೇರಿಸಿ ಓಡಿಸಿ. ಮೊದಲ ಬಟನ್ ಒತ್ತಿ ನೋಡಿ, ಕೊನೆಯದನ್ನಲ್ಲ.