ಅಪ್ಪನಿಗೆ ರುಮ್ಯಾಟಿಕ್ ಹೃದಯ ಕಾಯಿಲೆ ಇದ್ದರೆ ಮಕ್ಕಳಿಗೆ ಆಂಟಿಬಾಡಿ ಜೀನ್ ಟೆಸ್ಟ್ ಬೇಕಾ?

ಮೂಡಿಗೆರೆಯಿಂದ ನೀವು ಕೇಳಿರುವುದು ಇಷ್ಟು: ಯಜಮಾನರಿಗೆ ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯದ ಎಡಭಾಗದ ಮೈಟ್ರಲ್ ಕವಾಟ ಕಿರಿದಾಗಿದೆ, ಇದಕ್ಕೆ ಆಂಟಿಬಾಡಿಯ (ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಜೀನ್ ಕಾರಣವಂತೆ, 7 ಮತ್ತು 10 ವರ್ಷದ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಎಂಜಲು ಕಿಟ್ ತರಿಸಿ ನೋಡಲಾ ಅಂತ. ತರಿಸಬೇಡಿ.

ನೀವು ಓದಿದ್ದು ಪೂರ್ತಿ ಸುಳ್ಳಲ್ಲ. ಜೀನುಗಳಲ್ಲಿ ಸಿದ್ಧ ಆಂಟಿಬಾಡಿ ಇರುವುದಿಲ್ಲ, ಅದರ ಬಿಡಿಭಾಗಗಳಿರುತ್ತವೆ. ಆಂಟಿಬಾಡಿಯಲ್ಲಿರುವ ಎರಡು ಬಗೆಯ ಸರಪಳಿಗಳಲ್ಲಿ ದೊಡ್ಡದಾದ ‘ಭಾರದ ಸರಪಳಿ’ಯ (ಹೆವಿ ಚೈನ್) ವಿ, ಡಿ, ಜೆ ಎಂಬ ಭಾಗಗಳು 14ನೇ ಕ್ರೋಮೋಸೋಮಿನ ತುದಿಯಲ್ಲಿವೆ. ಆಂಟಿಬಾಡಿ ತಯಾರಿಸುವ ಪ್ರತಿ ಬಿ ಕೋಶ (ಒಂದು ಬಗೆಯ ಬಿಳಿ ರಕ್ತಕಣ) ಒಂದೊಂದನ್ನು ಆರಿಸಿ ಜೋಡಿಸಿಕೊಳ್ಳುತ್ತದೆ. ಇದನ್ನು ಕಂಡುಹಿಡಿದ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು. ಈ ಬಿಡಿಭಾಗಗಳು ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಪೆಸಿಫಿಕ್ ದ್ವೀಪಗಳ ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿ ಭಾಗಗಳಲ್ಲೊಂದರ ಐಜಿಎಚ್‌ವಿ4-61*02 ಎಂಬ ರೂಪದ ಒಂದೊಂದು ಪ್ರತಿಗೂ ರುಮ್ಯಾಟಿಕ್ ಹೃದಯ ಕಾಯಿಲೆಯ ಅಪಾಯ ಸುಮಾರು 1.4 ಪಟ್ಟು ಹೆಚ್ಚಿತ್ತು.

1.4 ಪಟ್ಟು ಅಂದರೆ ಎಷ್ಟು? ಉದಾಹರಣೆಗೆ, ಸಾವಿರ ಮಕ್ಕಳಲ್ಲಿ 10 ಮಂದಿಗೆ ಬರುವ ಕಡೆ 14 ಮಂದಿಗೆ ಬಂದಂತೆ. ಉಳಿದ 986 ಮಕ್ಕಳಿಗೆ ಏನೂ ಆಗದು. ಅದೂ ಅಲ್ಲದೆ, ಈ ಜಾಗದಲ್ಲಿ ಒಂದರಂತೆ ಒಂದಿರುವ ಹತ್ತಾರು ಜೀನುಗಳಿವೆ, ಸತ್ತುಹೋದ ನಕಲುಗಳೂ ಸೇರಿಕೊಂಡಿವೆ. ಎಂಜಲಿನ ಜೀನ್ ಓದುವ ಕಿಟ್‌ನ ಚಿಪ್ ಇಲ್ಲಿ ಒಂದನ್ನು ಇನ್ನೊಂದೆಂದು ಓದಬಹುದು, ಅಥವಾ ಈ ಭಾಗವನ್ನೇ ಬಿಟ್ಟಿರುತ್ತದೆ. ವರದಿ ಏನೇ ಬರಲಿ, ಮಕ್ಕಳ ಆರೈಕೆ ಅದರಿಂದ ಬದಲಾಗುವುದಿಲ್ಲ.

ಬದಲಾಗಬೇಕಾದ್ದು ಗಂಟಲು ನೋವನ್ನು ನೋಡುವ ರೀತಿ. ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ (ಸ್ಟ್ರೆಪ್) ಎಂಬ ಬ್ಯಾಕ್ಟೀರಿಯಾ ಗಂಟಲಿಗೆ ಬಂದ ಎರಡು ಮೂರು ವಾರಕ್ಕೆ, ಅದರ ವಿರುದ್ಧ ಎದ್ದ ಪ್ರತಿರೋಧ ಕೆಲವರಲ್ಲಿ ಹೃದಯದ ಕವಾಟದ ಮೇಲೂ ತಿರುಗಬಹುದು; ಇದೇ ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದವರಿಗೇ ಇದು ಹೆಚ್ಚು. ಎಸ್ಟೇಟಿನ ಲೈನ್ ಮನೆಯಲ್ಲೋ ಹಾಸ್ಟೆಲಿನಲ್ಲೋ ಒತ್ತೊತ್ತಾಗಿ ಮಲಗುವ ಮಕ್ಕಳಲ್ಲಿ ಬೇಗ ಹರಡುತ್ತದೆ. ಜ್ವರವಿದ್ದು, ನುಂಗಲು ಆಗದೆ, ಟಾನ್ಸಿಲ್ ಮೇಲೆ ಬಿಳಿ ಕಟ್ಟಿ, ದವಡೆಯ ಕೆಳಗೆ ಗಡ್ಡೆ ಮುಟ್ಟಿದರೆ ನೋಯುತ್ತಾ, ಕೆಮ್ಮು ನೆಗಡಿ ಮಾತ್ರ ಇಲ್ಲವೆಂದರೆ ತಡಮಾಡದೆ ತೋರಿಸಿ, ಅಪ್ಪನ ಕಾಯಿಲೆಯನ್ನೂ ಹೇಳಿ. ನೋವು ಶುರುವಾದ 9 ದಿನದೊಳಗೆ ಔಷಧ ಶುರು ಮಾಡಿದರೆ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಕೊಟ್ಟರೆ ಪೂರ್ತಿ 10 ದಿನ. ಮೂರನೇ ದಿನಕ್ಕೆ ಜ್ವರ ಬಿಟ್ಟಿತೆಂದು ಸಿರಪ್ಪನ್ನು ಪಕ್ಕಕ್ಕಿಡುವುದೇ ನಮ್ಮ ಕಡೆ ಆಗುವ ದೊಡ್ಡ ಎಡವಟ್ಟು; ಬ್ಯಾಕ್ಟೀರಿಯಾ ಆಗಿನ್ನೂ ಅಲ್ಲೇ ಇರುತ್ತದೆ.

ಎಎಸ್‌ಒ ಟೆಸ್ಟ್ (ಸ್ಟ್ರೆಪ್ ವಿರುದ್ಧದ ಆಂಟಿಬಾಡಿ ನೋಡುವ ರಕ್ತಪರೀಕ್ಷೆ) ಹೆಚ್ಚು ಬಂದ ಮಾತ್ರಕ್ಕೆ ಹೆದರಬೇಡಿ. ಹಿಂದೆ ಸ್ಟ್ರೆಪ್ ಬಂದುಹೋಗಿದೆ ಅನ್ನುವುದಷ್ಟೇ ಅದರ ಅರ್ಥ. ಆದರೆ ನೋವು ಮಂಡಿಯಿಂದ ಕಣಕಾಲಿಗೆ, ಅಲ್ಲಿಂದ ಮಣಿಕಟ್ಟಿಗೆ ಓಡಾಡಿದರೆ, ಅಥವಾ ಮಗು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ, ಚಿಕ್ಕಮಗಳೂರಿಗೋ ಹಾಸನಕ್ಕೋ ಕರೆದೊಯ್ದು ಎಕೋ (ಹೃದಯದ ಸ್ಕ್ಯಾನ್) ಮಾಡಿಸಲೇಬೇಕು.

ಇನ್ನು ಯಜಮಾನರ ಬೆಂಜಥಿನ್ ಪೆನಿಸಿಲಿನ್, ಅಂದರೆ ರುಮ್ಯಾಟಿಕ್ ಜ್ವರ ಮತ್ತೆ ಬರದಂತೆ ಕೊಡುವ ಇಂಜೆಕ್ಷನ್. ದೊಡ್ಡವರಿಗೆ 12 ಲಕ್ಷ ಯೂನಿಟ್, 21 ದಿನಕ್ಕೊಮ್ಮೆ. ಮದ್ದು ಗಟ್ಟಿ, ಸಣ್ಣ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ. 21 ಗೇಜ್ ಸೂಜಿಯಲ್ಲಿ ಎರಡು ಮೂರು ನಿಮಿಷ ನಿಧಾನವಾಗಿ ಕೊಟ್ಟರೆ ನೋವು ಕಡಿಮೆ. ಕವಾಟ ಕೆಟ್ಟವರಿಗೆ ಸಾಮಾನ್ಯವಾಗಿ 40 ವಯಸ್ಸಿನವರೆಗಾದರೂ ಬೇಕಾಗುತ್ತದೆ. ಕವಾಟ ತೀರಾ ಕಿರಿದಾಗಿ ಉಬ್ಬಸ ಇದ್ದರೆ ಇಂಜೆಕ್ಷನ್ ಬದಲು ಮಾತ್ರೆ ಒಳ್ಳೆಯದಾ ಎಂದು ಹೃದ್ರೋಗ ತಜ್ಞರನ್ನೇ ಕೇಳಿ. ನೀವಾಗಿ ನಿಲ್ಲಿಸಬೇಡಿ.