ಒಲಾಂಜಪಿನ್ ಬಿಟ್ಟ ಮೇಲೆ ತಮ್ಮನಿಗೆ ನಿದ್ದೆಯೇ ಇಲ್ಲ, ಏನು ಮಾಡೋದು?

ನಿಮ್ಮ ತಮ್ಮ ಗದಗದಲ್ಲಿದ್ದಾನೆ, ಮೂರು ವರ್ಷದಿಂದ ಮಾನಸಿಕ ರೋಗಕ್ಕೆ ಕೊಡುವ ಒಲಾಂಜಪಿನ್ ಗುಳಿಗೆ 10 ಮಿಲಿಗ್ರಾಂ ತಗೊಳ್ತಿದ್ದ, ‘ನಾ ಈಗ ಆರಾಮ ಆಗೇನಿ’ ಅಂತ ಹೋದ ವಾರ ಒಮ್ಮೆಗೇ ಬಿಟ್ಟ ಅಂತ ಬರೆದಿದ್ದೀರಿ. ಈಗ ನಿದ್ದೆ ಇಲ್ಲ, ವಾಕರಿಕೆ, ಬೆವರು. ರೋಗ ತಿರುಗಿ ಬಂತಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಡಾಕ್ಟರ್ ಅಲ್ಲ. ಹುಬ್ಬಳ್ಳಿಯವಳು, ಇದೇ ಗುಳಿಗೆಯನ್ನು ಡಾಕ್ಟರ್ ಹೇಳಿದಂತೆ ನಿಧಾನಕ್ಕೆ ಬಿಟ್ಟವಳು. ಮೊದಲು ಇವತ್ತೇ ಅವನ ಡಾಕ್ಟರಿಗೆ ಫೋನ್ ಮಾಡಿ. ಯಾವ ಡೋಸಿನಿಂದ ತಿರುಗಿ ಶುರು ಮಾಡಬೇಕು ಅಂತ ಅವರೇ ಹೇಳಲಿ. ತಪ್ಪಿದ ಗುಳಿಗೆಗಳನ್ನೆಲ್ಲ ಸೇರಿಸಿ ನುಂಗಿಸಬೇಡಿ.

ಬಿಟ್ಟ ಕೆಲವೇ ದಿನದಲ್ಲಿ ಬರುವ ವಾಕರಿಕೆ, ಬೆವರು, ಚಡಪಡಿಕೆ ಬಹಳ ಸಲ ಗುಳಿಗೆ ಬಿಟ್ಟಿದ್ದಕ್ಕೇ ಬರುತ್ತವೆ. ಇಲ್ಲದ ದನಿ ಕೇಳಿಸೋದು, ಮನೆಯವರ ಮೇಲೇ ಸಂಶಯ ಪಡೋದು ಶುರುವಾದರೆ ರೋಗವೇ ತಿರುಗಿ ಬಂದಿರಬಹುದು. ಆದರೆ ಇದು ಯಾವುದು ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ. ನಿದ್ದೆ ಕೆಟ್ಟರೆ ರೋಗ ಮರುಕಳಿಸುವ ಭಯ ಇದ್ದೇ ಇರುತ್ತದೆ.

ಡೋಸ್ ಅರ್ಧ ಮಾಡಿದರೆ ಅದರ ಪರಿಣಾಮವೂ ಅರ್ಧ ಆಗುತ್ತದೆ ಅಂದುಕೊಳ್ತೇವೆ, ಅಲ್ವಾ? ಹಾಗಲ್ಲ. ಈ ಗುಳಿಗೆ ಮಿದುಳಿನಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ಕೂರುವ ಜಾಗಗಳನ್ನು ಮುಚ್ಚುತ್ತದೆ. ಸಣ್ಣ ಡೋಸೇ ಬಹಳಷ್ಟು ಜಾಗ ಹಿಡಿದಿರುತ್ತದೆ. 20ರಿಂದ 15ಕ್ಕೆ ಇಳಿದಾಗ ಆಗುವ ಬದಲಾವಣೆ ಚಿಕ್ಕದು, 5ರಿಂದ ಸೊನ್ನೆಗೆ ಇಳಿದಾಗ ಆಗುವುದು ದೊಡ್ಡದು. ಅದಕ್ಕೇ ಕೆಳಗೆ ಬಂದಷ್ಟೂ ಮೆಟ್ಟಿಲು ಸಣ್ಣದಾಗಬೇಕು, ಒಂದೊಂದರ ಮೇಲೂ ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ನಿಲ್ಲಬೇಕು. ನನಗೆ 2.5 ಮಿಲಿಗ್ರಾಂನಿಂದ ಕೆಳಗೇ ಜಾಸ್ತಿ ಕಾಲ ಹಿಡಿಯಿತು. ನಿದ್ದೆ ಕೆಟ್ಟಾಗ ಡಾಕ್ಟರು ಹಿಂದಿನ ಡೋಸಿಗೆ ವಾಪಸ್ ಕಳಿಸಿದರು. ಗಣಪತಿ ಹಬ್ಬದ ತಿಂಗಳಂತೂ ಡೋಸ್ ಮುಟ್ಟಲೇ ಇಲ್ಲ. ಹುಬ್ಬಳ್ಳಿಯ ಆ ಡಿಜೆ ಗದ್ದಲದಲ್ಲಿ ಗಟ್ಟಿ ಇದ್ದವರಿಗೇ ನಿದ್ದೆ ಬರಲ್ಲ.

ಕೈನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ಕೊಟ್ಟಿದ್ದರೆ ಅದನ್ನೂ ಸುಮ್ನೆ ನಿಲ್ಲಿಸಬೇಡಿ. ಬೀಡಿ ಸೇದ್ತಾನಾ? ಅದನ್ನೂ ಹೇಳಿ. ಹೊಗೆಯಿಂದ ಒಲಾಂಜಪಿನ್ ಮೈಯಿಂದ ಬೇಗ ಹೊರಹೋಗುತ್ತದೆ, ಸೇದೋದು ಬಿಟ್ಟರೆ ಅದೇ ಡೋಸ್ ಜಾಸ್ತಿಯಾಗುತ್ತದೆ.

ರಾತ್ರಿ ಯಾರನ್ನು ಕೇಳೋದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ದೂರವೇನಲ್ಲ. ಸಾಯುವ ಮಾತಾಡಿದರೆ, ಹತೋಟಿಗೆ ಸಿಗದಂತಾದರೆ ಬೆಳಗಾಗುವ ತನಕ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ತಮ್ಮನಿಗೆ ಬೈಯಬೇಡಿ, ಯಾಕೆ ಬಿಟ್ಟೆ ಅಂತ ಕೇಳಿ. ತೂಕ ಏರಿದ್ದಕ್ಕೋ, ಬೆಳಗ್ಗೆ ಏಳಲಾಗದ್ದಕ್ಕೋ ಬಿಟ್ಟಿದ್ದರೆ ಬೇರೆ ಗುಳಿಗೆ ಇವೆ. ಎಲ್ಲರಿಗೂ ಪೂರ್ತಿ ಬಿಡಲಾಗುವುದಿಲ್ಲ, ಕೆಲವರಿಗೆ ಸಣ್ಣ ಡೋಸೇ ಉಳಿಯುತ್ತದೆ. ಅದನ್ನೂ ಡಾಕ್ಟರ ಎದುರು ಅವನನ್ನು ಕೂರಿಸಿಕೊಂಡೇ ಮಾತಾಡಿ.