310 ಮತಗಳ ಗೆಲುವು ಮತ್ತು ಕಾರ್ಪೊರೇಟರ್ ಇಲ್ಲದ ಊರು

ಮಾನ್ಯರೇ,

ಅಮೆರಿಕದ ಸಿಯಾಟಲ್ ನಗರದ ಮಾಜಿ ಕೌನ್ಸಿಲರ್ ಕ್ಷಮಾ ಸಾವಂತ್ ಅವರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ನೀವು ಜಯನಗರದಿಂದ ಬರೆದ ಪತ್ರ ತಲುಪಿತು. ಉಳಿದ ಓದುಗರಿಗೂ ಗೊತ್ತಾಗಲೆಂದು ನಿಮ್ಮ ಆಕ್ಷೇಪಗಳನ್ನು ಇಲ್ಲಿ ಹೇಳಿಬಿಡುತ್ತೇನೆ. ಸಾಗರದಾಚೆಯ ಒಬ್ಬ ಕಾರ್ಪೊರೇಟರ್‌ಗೆ ನಾಲ್ಕು ಪುಟ ಯಾಕೆ ಎಂದು ಕೇಳಿದ್ದೀರಿ. ಎಣಿಕೆಯ ಮೊದಲ ರಾತ್ರಿ ಹಿಂದಿದ್ದವರು ಕೆಲವು ದಿನಗಳ ಮೇಲೆ ಗೆಲ್ಲುವುದು, ಅದೂ ಮೂರು ಮೂರು ಸಲ, "ಗೋಲ್‌ಮಾಲ್ ಇಲ್ಲದೆ ಆಗುವ ಮಾತಲ್ಲ" ಎಂದಿದ್ದೀರಿ. ಬರೀ 310 ಮತಗಳಿಂದ ಕುರ್ಚಿ ಉಳಿಸಿಕೊಂಡವರನ್ನು ಜನ ಒಪ್ಪಿದರು ಎನ್ನಬಹುದೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ.

ಎಣಿಕೆಯ ಸಂಶಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಬೆಳಿಗ್ಗೆ 8ಕ್ಕೆ ಶುರುವಾಗಿ ಸಂಜೆಯೊಳಗೆ ಮುಗಿಯುವ ಎಣಿಕೆ ನೋಡಿ ಬೆಳೆದ ನಮಗೆ ಅದು ಸಹಜವಾಗಿಯೇ ಬರುವ ಸಂಶಯ. ನಮ್ಮಲ್ಲಿ ಅಂಚೆ ಮತಗಳನ್ನು ಮೊದಲು ಎಣಿಸುತ್ತಾರೆ, ಆಮೇಲೆ ಯಂತ್ರಗಳ ಸರದಿ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಂಚೆ ಮತವೇ. ಚುನಾವಣೆಗೆ ಎರಡೂವರೆ ವಾರ ಇರುವಾಗಲೇ ನೋಂದಾಯಿತ ಮತದಾರರ ಮನೆಗೆ ಮತಪತ್ರ ಹೋಗುತ್ತದೆ. ಅದನ್ನು ತುಂಬಿ, ಲಕೋಟೆಯ ಮೇಲೆ ಸಹಿ ಹಾಕಿ, ಚುನಾವಣೆಯ ಮಂಗಳವಾರ ರಾತ್ರಿ 8ರೊಳಗೆ ಬೀದಿಯಲ್ಲಿರುವ ಮತಪೆಟ್ಟಿಗೆಗೆ ಹಾಕಬೇಕು. ಅಂಚೆಗೆ ಹಾಕುವವರಾದರೆ ಅಂದಿನ ದಿನಾಂಕದ ಮುದ್ರೆ ಬಿದ್ದಿದ್ದರೆ ಸಾಕು, ಲಕೋಟೆ ಎರಡು ದಿನ ತಡವಾಗಿ ತಲುಪಿದರೂ ಎಣಿಕೆಗೆ ಸೇರುತ್ತದೆ. ಮೊದಲ ರಾತ್ರಿ ಪ್ರಕಟವಾಗುವುದು ಅಷ್ಟರೊಳಗೆ ಬಂದು, ಪರಿಶೀಲನೆಯೂ ಮುಗಿದ ಮತಗಳ ಲೆಕ್ಕ ಮಾತ್ರ.

ಹಾಗಾದರೆ ಬೇಗ ಕಳಿಸುವವರು ಯಾರು, ಕೊನೆಯ ದಿನ ಕಳಿಸುವವರು ಯಾರು? ಸ್ವಂತ ಮನೆಯಲ್ಲಿ ಬಹುಕಾಲದಿಂದ ನೆಲೆ ನಿಂತ ಹಿರಿಯರು ಮತಪತ್ರ ಬಂದ ವಾರದಲ್ಲೇ ಕಳಿಸಿಬಿಡುತ್ತಾರೆ. ಬಾಡಿಗೆ ಮನೆಯ ಹುಡುಗ ಹುಡುಗಿಯರು, ಪಾಳಿಯಲ್ಲಿ ದುಡಿಯುವವರು ಮಂಗಳವಾರ ಸಂಜೆ ಪೆಟ್ಟಿಗೆಯ ಹತ್ತಿರ ಓಡುತ್ತಾರೆ. ಸಾವಂತ್ ಅವರ ಮತದಾರರಲ್ಲಿ ಬಹುಪಾಲು ಈ ಎರಡನೆಯ ಗುಂಪಿನವರು. ಅದಕ್ಕೇ 2013ರಲ್ಲಿ ಮೊದಲ ರಾತ್ರಿ ಶೇ. 46ರಷ್ಟಿದ್ದವರು ಕೊನೆಗೆ ಶೇ. 50 ದಾಟಿದರು. 2019ರಲ್ಲಿ ಸುಮಾರು ಶೇ. 8ರಷ್ಟು ಹಿನ್ನಡೆ ಇತ್ತು, ಅದು ಶೇ. 4ರ ಮುನ್ನಡೆಯಾಗಿ ತಿರುಗಿತು. ಅಲ್ಲಿನ ರಾಜಕೀಯ ಬಲ್ಲವರಿಗೆ ಇದು ಮೊದಲೇ ಗೊತ್ತಿತ್ತು, ಎದುರಾಳಿಗಳಿಗೂ ಗೊತ್ತಿತ್ತು.

ಸಹಿಯ ವಿಚಾರವನ್ನೂ ಇಲ್ಲೇ ಹೇಳಬೇಕು. ಪ್ರತಿ ಲಕೋಟೆಯ ಸಹಿಯನ್ನು ಮತದಾರರ ನೋಂದಣಿಯಲ್ಲಿರುವ ಸಹಿಯ ಪಕ್ಕ ಇಟ್ಟು ನೋಡುತ್ತಾರೆ. ಹೊಂದಿದರೆ ಮಾತ್ರ ಲಕೋಟೆ ಒಡೆಯುತ್ತಾರೆ. ಹೊಂದದಿದ್ದರೆ ಮತವನ್ನು ಕಸಕ್ಕೆ ಹಾಕುವುದಿಲ್ಲ, "ನಿಮ್ಮ ಸಹಿ ಸರಿಹೋಗುತ್ತಿಲ್ಲ, ದೃಢೀಕರಿಸಿ" ಎಂದು ಮತದಾರರಿಗೆ ತಿಳಿಸುತ್ತಾರೆ. ಫಲಿತಾಂಶ ಅಧಿಕೃತವಾಗುವ ಹಿಂದಿನ ದಿನದವರೆಗೂ ಸರಿಪಡಿಸಲು ಅವಕಾಶವಿದೆ. ಯಾರ ಮತ ಹೀಗೆ ತಡೆಯಲ್ಲಿದೆ ಎಂಬ ಪಟ್ಟಿ ಅಭ್ಯರ್ಥಿಗಳ ಕಡೆಯವರಿಗೂ ಸಿಗುತ್ತದೆ. ಹಾಗಾಗಿ ಮತದಾನ ಮುಗಿದ ಮೇಲೂ ಕಾರ್ಯಕರ್ತರು ಪಟ್ಟಿ ಹಿಡಿದು ಮನೆಮನೆಯ ಬಾಗಿಲು ತಟ್ಟುತ್ತಾರೆ: ನಿಮ್ಮ ಮತ ಸಹಿಯ ಕಾರಣಕ್ಕೆ ನಿಂತಿದೆ, ಒಂದು ಫಾರಂ ತುಂಬಿ ಕಳಿಸಿ. ಇದನ್ನು ಗೋಲ್‌ಮಾಲ್ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಮತದಾನದ ದಿನ ಪಟ್ಟಿಯಲ್ಲಿ ಹೆಸರಿಲ್ಲವೆಂದು ಮತಗಟ್ಟೆಯಿಂದ ವಾಪಸಾದವರು ನಮ್ಮಲ್ಲಿ ಎಷ್ಟು ಜನ! ಒಂದು ಮತ ಕೈಬಿಟ್ಟುಹೋಗುವ ಮುನ್ನ ಮತದಾರರನ್ನು ಹುಡುಕಿಕೊಂಡು ಹೋಗಿ ಕೇಳುವ ಏರ್ಪಾಡನ್ನು ನಾನು ಗೌರವದಿಂದಲೇ ನೋಡುತ್ತೇನೆ.

ಇನ್ನು ಸಾವಂತ್ ಅವರ ಹಾದಿ. ಅವರು 1973ರಲ್ಲಿ ಪುಣೆಯಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದವರು. ಸಾಫ್ಟ್‌ವೇರ್ ಕೆಲಸ ಬಿಟ್ಟು ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದರು, ಸಿಯಾಟಲ್‌ನಲ್ಲಿ ಪಾಠ ಹೇಳುತ್ತಿದ್ದರು. ಅಮೆರಿಕದ ಪೌರತ್ವ ಸಿಕ್ಕಿದ್ದು 2010ರಲ್ಲಿ. ಎರಡೇ ವರ್ಷಕ್ಕೆ, 2012ರಲ್ಲಿ, ರಾಜ್ಯದ ಕೆಳಮನೆಯ ಸ್ಪೀಕರ್ ಆಗಿದ್ದ ಫ್ರಾಂಕ್ ಚಾಪ್ ಅವರ ವಿರುದ್ಧವೇ ನಿಂತರು. ಸೋತರು, ಆದರೆ ಶೇ. 29ರಷ್ಟು ಮತ ಬಂತು. ಸಮಾಜವಾದಿ ಎಂಬ ಹೆಸರು ಹೊತ್ತು ಅಮೆರಿಕದಲ್ಲಿ ನಿಲ್ಲುವವರ ಠೇವಣಿ ಹೋದಂತೆಯೇ ಎಂದು ತಿಳಿದಿದ್ದವರು ಆಗ ತಿರುಗಿ ನೋಡಿದರು.

ಮರುವರ್ಷ ನಗರ ಕೌನ್ಸಿಲ್‌ಗೆ ನಿಂತಾಗ ಎದುರಿಗಿದ್ದವರು ರಿಚರ್ಡ್ ಕಾನ್ಲಿನ್, ಹದಿನಾರು ವರ್ಷಗಳಿಂದ ಆ ಸ್ಥಾನದಲ್ಲಿದ್ದವರು, ಸಭ್ಯ ಉದಾರವಾದಿ. ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ ಎಂಬ ಒಂದೇ ಬೇಡಿಕೆಯನ್ನು ಮುಂದಿಟ್ಟುಕೊಂಡು ಸಾವಂತ್ ಗೆದ್ದರು. ಇಡೀ ನಗರದ ಮತದಾರರು ಒಬ್ಬ ಸಮಾಜವಾದಿಯನ್ನು ಆರಿಸಿದ್ದು 1916ರಲ್ಲಿ ಆನಾ ಲೂಯಿಸ್ ಸ್ಟ್ರಾಂಗ್ ಶಾಲಾ ಮಂಡಳಿಗೆ ಗೆದ್ದ ಮೇಲೆ ಅದೇ ಮೊದಲು. 2014ರ ಜೂನ್‌ನಲ್ಲಿ ಕೌನ್ಸಿಲ್ 15 ಡಾಲರ್ ಕೂಲಿಯ ಕಾನೂನನ್ನು ಒಂದೂ ವಿರೋಧ ಮತವಿಲ್ಲದೆ ಒಪ್ಪಿತು. ಅದರ ಹೆಗ್ಗಳಿಕೆ ಪೂರ್ತಿ ಸಾವಂತ್ ಒಬ್ಬರದೇ ಅಲ್ಲ. ಫಾಸ್ಟ್ ಫುಡ್ ಅಂಗಡಿಗಳ ಕೆಲಸಗಾರರು ಮುಷ್ಕರ ಹೂಡಿದ್ದರು, ಪಕ್ಕದ ಸೀಟ್ಯಾಕ್ ಊರಿನ ಮತದಾರರು ಅದಾಗಲೇ ಅಂಥ ಕಾನೂನು ಗೆಲ್ಲಿಸಿದ್ದರು, ಮೇಯರ್ ಎಡ್ ಮರ್ರೆ ಮಾಲೀಕರನ್ನೂ ಕಾರ್ಮಿಕ ಸಂಘಗಳನ್ನೂ ಒಂದೇ ಮೇಜಿಗೆ ಕೂರಿಸಿದ್ದರು. ಆದರೂ ಚುನಾವಣೆಯ ದಿನ ಹೇಳಿದ ಮಾತು ಏಳೇ ತಿಂಗಳಲ್ಲಿ ಕಾನೂನಾಗಿದ್ದನ್ನು ಆ ಊರಿನ ಹೋಟೆಲ್ ಮಾಣಿಗಳು ಮರೆಯಲಿಲ್ಲ. ವರ್ಷ ವರ್ಷ ಏರುವ ಆ ಕನಿಷ್ಠ ಕೂಲಿ 2025ರಲ್ಲಿ 20.76 ಡಾಲರ್ ಆಗಿತ್ತು.

2015ರ ಹೊತ್ತಿಗೆ ನಗರವನ್ನು ಏಳು ಕ್ಷೇತ್ರಗಳಾಗಿ ವಿಂಗಡಿಸಿದ್ದರು, ಇಡೀ ನಗರದ ಪರವಾಗಿ ಎರಡೇ ಸ್ಥಾನ ಉಳಿದಿದ್ದವು. ಸಾವಂತ್ ಕ್ಯಾಪಿಟಲ್ ಹಿಲ್ ಬಡಾವಣೆ ಇರುವ 3ನೇ ಕ್ಷೇತ್ರದಲ್ಲಿ ನಿಂತು ಪಮೇಲಾ ಬ್ಯಾಂಕ್ಸ್ ಅವರನ್ನು ಸುಲಭವಾಗಿ ಸೋಲಿಸಿದರು. ಹೆಚ್ಚು ಹೇಳಬೇಕಾದ್ದು 2019ರ ಚುನಾವಣೆಯ ಬಗ್ಗೆ. ಹಿಂದಿನ ವರ್ಷ ದೊಡ್ಡ ಕಂಪನಿಗಳ ಮೇಲೆ ನೌಕರರ ತಲೆಗೆ 275 ಡಾಲರ್ ತೆರಿಗೆ ಹಾಕಿ, ಒಂದು ತಿಂಗಳೂ ತುಂಬುವ ಮೊದಲೇ ಕೌನ್ಸಿಲ್ ಅದನ್ನು ವಾಪಸ್ ಪಡೆದಿತ್ತು. ವಾಪಸಾತಿಯ ವಿರುದ್ಧ ಮತ ಹಾಕಿದ್ದು ಇಬ್ಬರೇ, ಅವರಲ್ಲಿ ಸಾವಂತ್ ಒಬ್ಬರು. ಅಲ್ಲಿಯೇ ಮುಖ್ಯ ಕಚೇರಿ ಇರುವ ಅಮೆಜಾನ್ ಕಂಪನಿ 2019ರಲ್ಲಿ ವಾಣಿಜ್ಯ ಮಂಡಳಿಯ ಚುನಾವಣಾ ನಿಧಿಗೆ ಒಟ್ಟು ಸುಮಾರು 14.5 ಲಕ್ಷ ಡಾಲರ್ ಕೊಟ್ಟಿತು. ಒಂದು ನಗರ ಕೌನ್ಸಿಲ್ ಚುನಾವಣೆಗೆ! ಹಣದ ಹೊಳೆ ಕಂಡು ಅದುವರೆಗೆ ಸಾವಂತ್ ಅವರನ್ನು ಮೆಚ್ಚದಿದ್ದವರೂ ಸಿಟ್ಟಾದರು. ಆ ನಿಧಿ ಬೆಂಬಲಿಸಿದವರು ಏಳು ಸ್ಥಾನಗಳಲ್ಲಿ ಗೆದ್ದಿದ್ದು ಎರಡರಲ್ಲಿ. ಸಾವಂತ್ ಎದುರು ನಿಂತಿದ್ದ ಈಗನ್ ಓರಿಯನ್ ಮೊದಲ ರಾತ್ರಿಯ ಮುನ್ನಡೆಯನ್ನು ಉಳಿಸಿಕೊಳ್ಳಲಾಗಲಿಲ್ಲ.

ನೀವು ಕೇಳಿದ 310 ಮತಗಳ ಕಥೆ ಇದರ ಮುಂದಿನದು. ಆ ರಾಜ್ಯದಲ್ಲಿ ಗೆದ್ದವರನ್ನು ಅವಧಿಯ ನಡುವೆಯೇ ವಾಪಸ್ ಕರೆಸಬಹುದು. ಹಾಗೆಂದು ಸಿಟ್ಟು ಬಂದಾಗಲೆಲ್ಲ ಕರೆಸಲಾಗದು. ಆರೋಪ ಹೊರಿಸಬೇಕು, ಅದು ವಾಪಸ್ ಕರೆಸುವಷ್ಟು ಗಂಭೀರವೇ ಎಂದು ನ್ಯಾಯಾಲಯ ನೋಡಬೇಕು, ಆಮೇಲೆ ಹಿಂದಿನ ಚುನಾವಣೆಯಲ್ಲಿ ಆ ಸ್ಥಾನಕ್ಕೆ ಬಿದ್ದ ಮತಗಳ ಕಾಲುಭಾಗದಷ್ಟು ಸಹಿ ಸೇರಿಸಬೇಕು. ಸಾವಂತ್ ಅವರ ಮಟ್ಟಿಗೆ ಅದು 10,700ಕ್ಕೂ ಹೆಚ್ಚು. ಕೊರೊನಾ ಕಾಲದಲ್ಲಿ ಮುಚ್ಚಿದ್ದ ನಗರಸಭಾ ಕಟ್ಟಡದೊಳಗೆ 2020ರ ಜೂನ್‌ನಲ್ಲಿ ಪ್ರತಿಭಟನಕಾರರನ್ನು ಬಿಟ್ಟುಕೊಂಡದ್ದು, ಮೇಯರ್ ಜೆನ್ನಿ ಡರ್ಕನ್ ಮನೆಯತ್ತ ಹೋದ ಮೆರವಣಿಗೆಯಲ್ಲಿ ಭಾಗಿಯಾದದ್ದು, ಅಮೆಜಾನ್ ಮೇಲೆ ತೆರಿಗೆ ಹಾಕಿಸುವ ಪ್ರಚಾರಕ್ಕೆ ನಗರದ ಹಣ ಮತ್ತು ಸಿಬ್ಬಂದಿಯನ್ನು ಬಳಸಿದ್ದು, ಇವು ಆರೋಪಗಳು. ರಾಜ್ಯದ ಸರ್ವೋಚ್ಚ ನ್ಯಾಯಾಲಯ 2021ರ ಏಪ್ರಿಲ್‌ನಲ್ಲಿ ಪ್ರಕ್ರಿಯೆ ಮುಂದುವರಿಯಬಹುದು ಎಂದಿತು. ಕೊನೆಯ ಆರೋಪದಲ್ಲಿ ಹುರುಳಿತ್ತು. ಸಾವಂತ್ ಅದಕ್ಕಾಗಿ ಸುಮಾರು 3,500 ಡಾಲರ್ ದಂಡವನ್ನೂ ಕಟ್ಟಿದರು. ನಗರದ ದುಡ್ಡು ಎಷ್ಟೇ ಒಳ್ಳೆಯ ಉದ್ದೇಶದ ಪ್ರಚಾರಕ್ಕಾದರೂ ಹೋಗಬಾರದು, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಒಂದು ವಿಚಿತ್ರ ಇಲ್ಲಿದೆ. ವಾಪಸಾತಿಯ ಅರ್ಜಿಗೆ ಸಾವಂತ್ ತಾವೇ ಸಹಿ ಹಾಕಿದರು, ಅವರ ಕಾರ್ಯಕರ್ತರೂ ಸಹಿ ಸಂಗ್ರಹಿಸಿದರು. ಚುನಾವಣೆ ಹೇಗೂ ತಪ್ಪದು, ಹೆಚ್ಚು ಜನ ಮತ ಹಾಕುವ ನವೆಂಬರ್‌ನ ಸಾಮಾನ್ಯ ಚುನಾವಣೆಯ ಜೊತೆಗೇ ನಡೆಯಲಿ ಎಂಬ ಲೆಕ್ಕ. ಅದು ಕೈಗೂಡಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ಮತ್ತು ಕ್ರಿಸ್‌ಮಸ್ ಹಬ್ಬಗಳ ನಡುವೆ, ಡಿಸೆಂಬರ್ 7ಕ್ಕೆ, ಆ ಒಂದೇ ಪ್ರಶ್ನೆಗೆ ಮತದಾನ ನಿಗದಿಯಾಯಿತು. ಜನ ಊರು ಬಿಡುವ ಕಾಲ ಅದು. ಆದರೂ ಅರ್ಧಕ್ಕೂ ಹೆಚ್ಚು ಮತದಾರರು ಲಕೋಟೆ ಕಳಿಸಿದರು. ಮೊದಲ ರಾತ್ರಿ "ತೆಗೆಯಿರಿ" ಎಂದವರು ಶೇ. 53, ಶುಕ್ರವಾರದ ಹೊತ್ತಿಗೆ ತಕ್ಕಡಿ ತಿರುಗಿತ್ತು. ಅಂತಿಮ ಲೆಕ್ಕದಲ್ಲಿ "ಬೇಡ, ಇರಲಿ" ಎಂದವರು 20,656, "ತೆಗೆಯಿರಿ" ಎಂದವರು 20,346.

ಇದನ್ನು ಜನ ಒಪ್ಪಿದರು ಎನ್ನಬಹುದೇ? ಕ್ಷೇತ್ರ ಸರಿಯಾಗಿ ಎರಡು ಭಾಗವಾಗಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಎಂಟು ವರ್ಷಗಳಲ್ಲಿ ನಾಲ್ಕು ಸಲ ಮತದಾರರ ಮುಂದೆ ನಿಂತು, ಅದರಲ್ಲೂ ಕೊನೆಯ ಸಲ ಎದುರಾಳಿ ಎಂಬ ವ್ಯಕ್ತಿಯೇ ಇಲ್ಲದೆ "ನೀವಿರಬೇಕೋ ಬೇಡವೋ" ಎಂಬ ಒಂದೇ ಪ್ರಶ್ನೆಗೆ ಉತ್ತರ ಪಡೆದ ಕೌನ್ಸಿಲರ್‌ಗಿಂತ ಹೆಚ್ಚು ಪರೀಕ್ಷೆಗೆ ಒಳಗಾದವರು ಅಪರೂಪ. ಮೇಲೆ ಹೇಳಿದ ಆನಾ ಲೂಯಿಸ್ ಸ್ಟ್ರಾಂಗ್ ಅವರನ್ನು ಅದೇ ಊರಿನ ಜನ 1918ರಲ್ಲಿ ಇಂಥದೇ ಮತದಾನದಿಂದ ವಾಪಸ್ ಕರೆಸಿದ್ದರು. ಹಾಗಾಗಿ ಆ ಪ್ರಶ್ನೆಗೆ ಅಲ್ಲಿ ನಿಜವಾದ ಹಲ್ಲುಗಳಿವೆ.

2023ರಲ್ಲಿ ಮತ್ತೆ ನಿಲ್ಲುವುದಿಲ್ಲವೆಂದು ಸಾವಂತ್ ಹೇಳಿದರು. ಅದಾಗಿ ಒಂದು ತಿಂಗಳಿಗೆ, ಫೆಬ್ರವರಿ 21ರಂದು, ಅವರು ಮಂಡಿಸಿದ ಜಾತಿ ತಾರತಮ್ಯ ನಿಷೇಧದ ಕಾನೂನು 6-1 ಮತಗಳಿಂದ ಪಾಸಾಯಿತು. ಅಮೆರಿಕದ ನಗರವೊಂದು ಹಾಗೆ ಮಾಡಿದ್ದು ಅದೇ ಮೊದಲು. ಅಲ್ಲಿನ ಕಂಪನಿಗಳಲ್ಲಿ ದುಡಿಯುವ ನಮ್ಮವರಿಗೂ ಅದು ಅನ್ವಯಿಸುತ್ತದೆ. ಸಾವಂತ್ ಅವರ ತಾಯಿ ಇರುವುದು ಬೆಂಗಳೂರಿನಲ್ಲಿ. ಅನಾರೋಗ್ಯದಲ್ಲಿದ್ದ ತಾಯಿಯನ್ನು ನೋಡಲು ಭಾರತದ ವೀಸಾ ಸಿಗಲಿಲ್ಲವೆಂದು 2025ರ ಫೆಬ್ರವರಿಯಲ್ಲಿ ಅವರು ಸಿಯಾಟಲ್‌ನಲ್ಲಿ ಪ್ರತಿಭಟನೆ ನಡೆಸಿದ್ದೂ ಸುದ್ದಿಯಾಗಿತ್ತು. ಅದೇ ವರ್ಷ ಅಮೆರಿಕದ ಕೆಳಮನೆಗೆ, ಆಡಂ ಸ್ಮಿತ್ ವಿರುದ್ಧ, ಸ್ಪರ್ಧಿಸುವುದಾಗಿ ಘೋಷಿಸಿದರು.

ನಾಲ್ಕು ಪುಟ ಯಾಕೆ ಎಂಬ ಪ್ರಶ್ನೆ ಉಳಿಯಿತು. ನೀವು ಇರುವ ಊರಿನಲ್ಲಿ ಪಾಲಿಕೆಗೆ 2015ರ ಆಗಸ್ಟ್‌ನಲ್ಲಿ ಚುನಾವಣೆ ನಡೆಯಿತು. 198 ವಾರ್ಡುಗಳ ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಆಡಳಿತಾಧಿಕಾರಿ ಬಂದರು. ವಾರ್ಡುಗಳನ್ನು 243 ಎಂದರು, 225 ಎಂದರು, ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು, 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ಈ ನಡುವೆ ಐದು ವರ್ಷಗಳ ಒಂದು ಪೂರ್ತಿ ಅವಧಿ ಕಾರ್ಪೊರೇಟರ್ ಇಲ್ಲದೆಯೇ ಕಳೆದುಹೋಯಿತು. ಚರಂಡಿ ಕಟ್ಟಿಕೊಂಡರೆ, ಬೀದಿದೀಪ ಕೆಟ್ಟರೆ ಜನ ಎಂಜಿನಿಯರ್ ಕಚೇರಿ ಅಲೆಯಬೇಕು, ಇಲ್ಲವೇ ಶಾಸಕರ ಮನೆಗೆ ಹೋಗಬೇಕು. ನಮ್ಮಲ್ಲಿ ಕಾರ್ಪೊರೇಟರ್‌ನನ್ನು ವಾಪಸ್ ಕರೆಸುವ ಕಾನೂನು ಇಲ್ಲ, ಅದು ಬೇಕೇ ಬೇಡವೇ ಎಂದು ಚರ್ಚಿಸಬಹುದು. ಆದರೆ ಕರೆಸಲು ಮೊದಲು ಒಬ್ಬರನ್ನು ಕಳಿಸಿರಬೇಕಲ್ಲವೇ? 310 ಮತಗಳಿಂದ ಉಳಿದ ಕೌನ್ಸಿಲರ್ ಬಗ್ಗೆ ಬರೆಯುವಾಗ ನಮ್ಮ ಮನಸ್ಸಿನಲ್ಲಿ ಇದೇ ಇತ್ತು.

ಪತ್ರದ ಕೊನೆಗೆ ನೀವು ನಿಮ್ಮ ಬೀದಿಯ ಮಳೆನೀರು ಚರಂಡಿಯ ಬಗ್ಗೆ ಬರೆದಿದ್ದೀರಿ, ಯಾವ ಕಚೇರಿಗೆ ಯಾವಾಗ ಅರ್ಜಿ ಕೊಟ್ಟಿರೆಂಬುದನ್ನೂ ಸೇರಿಸಿದ್ದೀರಿ. ಆ ಅರ್ಜಿಗಳ ನಕಲು ಮತ್ತು ಬಂದ ಉತ್ತರಗಳಿದ್ದರೆ ಅವನ್ನೂ ಕಳಿಸಿಕೊಡಿ. ನಿಮ್ಮ ಹಾಗೆ ಬರೆದಿರುವ ಇತರ ವಾರ್ಡುಗಳ ಓದುಗರ ಪತ್ರಗಳೊಂದಿಗೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

ವಿಶ್ವಾಸದಿಂದ,
ಸಂಪಾದಕ